ಕಲ್ಲು ಮುಚ್ಚಿದ ಮೇಲೆ ಹರಿಯುವ ನೀರು

ಈ ಊರಿನ ನೀರಿನ ಲೆಕ್ಕ ನನ್ನದು.
ಹಜರ್ ಬೆಟ್ಟದ ಹೊಟ್ಟೆಯಿಂದ
ಸುರಂಗದಲ್ಲಿ ತೆವಳಿಕೊಂಡು ಬರುವ ಫಲಜ್ ಕಾಲುವೆಗೆ
ಹಕ್ಕುದಾರರು ನೂರಾ ಹನ್ನೊಂದು ಮಂದಿ.
ಯಾರೂ ನೀರಿನ ಒಡೆಯರಲ್ಲ,
ಹೊತ್ತಿನ ಒಡೆಯರು.
ಅರ್ಧ ಗಂಟೆಗೆ ಒಂದು ಅಥರ್.
ಅಪ್ಪ ಅದನ್ನು ನಕ್ಷತ್ರ ನೋಡಿ ಅಳೆದ,
ನಾನು ಕೈಗಡಿಯಾರ ನೋಡಿ.
ನಾಲ್ಕು ನಿಮಿಷ ಮುಂದೆ ಓಡುತ್ತದೆ ಅದು.
ಎಲ್ಲರಿಗೂ ಅಷ್ಟೇ ಮುಂದೆ, ಹಾಗಾಗಿ ತಕರಾರಿಲ್ಲ.

ಮುಹನ್ನಾ ಮುದುಕ ಹೇಳಿಕಳಿಸಿದಾಗ
ಉಪವಾಸದ ತಿಂಗಳು ಕಳೆದು ವಾರವಾಗಿತ್ತು.
ಪುಸ್ತಕ ಬಿಚ್ಚು ಅಂದ, ಮಲಗಿದಲ್ಲಿಂದಲೇ.
ಎಂಟು ದಿನಕ್ಕೊಮ್ಮೆ, ಸಂಜೆ ಆರರಿಂದ ನಡುರಾತ್ರಿ,
ಹನ್ನೆರಡು ಅಥರ್ ಅವನ ಹೆಸರಲ್ಲಿ.

"ಹುಮೈದನ ಹುಡುಗಿಯರಿಗೆ ಎಷ್ಟು ಬರುತ್ತದೆ?"
"ಏನೂ ಇಲ್ಲ" ಅಂದೆ. ಗೊತ್ತಿದ್ದೇ ಕೇಳಿದ್ದ.
ಗಂಡುಮಕ್ಕಳು ಬದುಕಿರುವಾಗ
ಸತ್ತ ಮಗನ ಮಕ್ಕಳು ಹೊಸ್ತಿಲಾಚೆ ನಿಲ್ಲಬೇಕು, ಲೆಕ್ಕ ಹಾಗಿದೆ.
"ಉಯಿಲಿಗೆ ಮೂರರಲ್ಲೊಂದು ಪಾಲಿನಷ್ಟು ಬಾಗಿಲು ತೆರೆದಿದೆಯಲ್ಲ,
ಅದರೊಳಗೆ ಎರಡು ಬರೆ.
ಮಿಕ್ಕ ಹತ್ತು ನಾನು ಹೋದ ಮೇಲೆ ತಾನೇ ಒಡೆದುಕೊಳ್ಳುತ್ತದೆ:
ಸುಲಯ್ಯಮನಿಗೆ ನಾಲ್ಕು, ಮರ್ಹೂನನಿಗೆ ನಾಲ್ಕು,
ಗನಿಯಾ ಮಗಳಲ್ಲವೆ, ಎರಡು."

ಎಲ್ಲರೂ ಅಲ್ಲೇ ಇದ್ದರು. ಕಾಫಿ ಸುತ್ತು ಬಂತು.
ಸಾಕಾದವರು ಬಟ್ಟಲು ಅಲ್ಲಾಡಿಸಬೇಕು.
ಸುಲಯ್ಯಮ ಅಲ್ಲಾಡಿಸಲಿಲ್ಲ,
ಹುಡುಗ ಸುರಿದ, ಅವನು ಕುಡಿದ,
ಮತ್ತೆ ಸುರಿದ.
ಐದನೆಯದಕ್ಕೆ ಬಾಯಿಬಿಟ್ಟ: "ಆಗಲಿ. ತಮ್ಮನ ಮಕ್ಕಳು.
ಮೊದಲ ಸರದಿ ಅವರದೇ ಇರಲಿ,
ಕತ್ತಲಿಗೆ ಮುಂಚೆ ಮನೆ ಸೇರಿಕೊಳ್ಳಲಿ.
ಕೊನೆಗೆ ನಾನು ನಿಲ್ಲುತ್ತೇನೆ."
ಒಳ್ಳೆಯ ಮಾತು ಎಂದು ಎಲ್ಲರೂ ತಲೆದೂಗಿದರು.
ಗನಿಯಾ ಮಾತ್ರ ಖರ್ಜೂರದ ಬೀಜಗಳನ್ನು ತಟ್ಟೆಯಂಚಿಗೆ
ನಾಲ್ಕು, ನಾಲ್ಕು, ಎರಡು, ಎರಡು ಎಂದು ಜೋಡಿಸಿ
ಬೆರಳಿಂದ ಕಲೆಸಿಬಿಟ್ಟಳು.

ಪೆನ್ನಿಗೆ ಮುಚ್ಚಳ ಹಾಕುತ್ತಿದ್ದೆ.
ಥುರಯ್ಯಾ, ಹುಮೈದನ ದೊಡ್ಡವಳು,
ಹದಿಮೂರೋ ಹದಿನಾಲ್ಕೋ,
ಹೆಸರಲ್ಲೇ ಕೃತ್ತಿಕೆಯ ಗೊಂಚಲು ಹೊತ್ತವಳು, ಕೇಳಿದಳು:
"ದಾರಿಯಲ್ಲಿರುವ ನೀರು ಯಾರದು?"

ಯಾವ ದಾರಿ?
"ಎಂಟು ದಿನ ಒಣಗಿದ ಕಾಲುವೆ.
ಅದನ್ನು ತುಂಬಿಸುವುದು ಮೊದಲಿನವರ ಹೊತ್ತು.
ನೀವು ಮೇಲೆ ಕಲ್ಲು ಸರಿಸಿದ ಮೇಲೆ
ನಮ್ಮ ಮೊದಲ ನಿಂಬೆಗಿಡ ಮುಟ್ಟಲು ಒಂಬತ್ತು ನಿಮಿಷ.
ಒಣಗಿದ ಎಲೆಯೊಂದನ್ನು ತೇಲಿಬಿಟ್ಟು
ಅದರ ಜೊತೆಗೇ ನಡೆದು ನೋಡಿದ್ದೇನೆ.
ನಡುರಾತ್ರಿ ಕಲ್ಲು ಮುಚ್ಚಿದ ಮೇಲೂ
ಕಾಲುವೆಯಲ್ಲಿ ನೀರಿರುತ್ತದಲ್ಲ,
ಅದು ಹರಿಯುವುದು ಕೊನೆಯವರ ಕುದುರೆಮೆಂತೆಗೆ."

ಇಪ್ಪತ್ತಾರು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ.
ನನಗೆ ತಿಳಿದಿರಲಿಲ್ಲ ಎಂದರೆ ಸುಳ್ಳಾದೀತು.
ಕಣ್ಣು ಪುಸ್ತಕದಲ್ಲೇ ಇಟ್ಟೆ.

ಮುದುಕ ನಕ್ಕ, ಕೆಮ್ಮು ಬರುವ ತನಕ.
"ನನ್ನಪ್ಪನೂ ನನ್ನನ್ನು ಮೊದಲು ನಿಲ್ಲಿಸುತ್ತಿದ್ದ,
ಕತ್ತಲಿಗೆ ಹೆದರುತ್ತೀಯ ಅಂತ.
ಇಷ್ಟು ವರ್ಷ ಅದು ಪ್ರೀತಿ ಅಂದುಕೊಂಡಿದ್ದೆ."
ನೀರು ಕುಡಿದ. "ಪ್ರೀತಿಯೇ ಇದ್ದೀತು.
ಏನೇ ಆಗಲಿ, ಸರದಿ ತಿರುವಿ ಬರೆ."
"ಹಾಗಾದರೆ ಹೆಣ್ಣುಮಕ್ಕಳು ನಡುರಾತ್ರಿ ತೋಟದಲ್ಲಿ!"
"ಟಾರ್ಚ್ ಇದೆ" ಅಂದಳು ಥುರಯ್ಯಾ.
ಸುಲಯ್ಯಮ ಆಗ ಬಟ್ಟಲು ಅಲ್ಲಾಡಿಸಿದ.

ಬೇಸಿಗೆಯಲ್ಲಿ ಮುದುಕ ಹೋದ.

ಈಗ ಎಂಟನೆಯ ರಾತ್ರಿ, ಹನ್ನೆರಡಕ್ಕೆ,
ಹರಕು ಬಟ್ಟೆ ಸುತ್ತಿದ ಕಲ್ಲನ್ನು ಬಾಯಿಗೆ ತುರುಕಿ
ಪುಸ್ತಕದಲ್ಲಿ ಗೀಟೆಳೆಯುತ್ತೇನೆ.
ಎದ್ದು ಹೋಗಬಹುದು, ಹೋಗುವುದಿಲ್ಲ.
ಕೆಳಗೆ, ಕೊನೆಯ ತೋಟದಲ್ಲಿ, ಎರಡು ಬೆಳಕು.
ದೊಡ್ಡವಳು ಏನೋ ಕೇಳುತ್ತಾಳೆ.
"ಇನ್ನೂ ಬರ್ತಿದೆ" ಎಂದು ಚಿಕ್ಕವಳ ದನಿ.
ಸ್ವಲ್ಪ ಹೊತ್ತು ಬಿಟ್ಟು,
"ಇನ್ನೂ ಬರ್ತಿದೆ."
ಅದನ್ನು ಬರೆಯಲು ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ.